ಜೂನ್ ಹನ್ನೆರಡಕ್ಕೆ ಕನ್ನಡ ಮೇಷ್ಟ್ರು ಸಿಕ್ಕಾರೆಯೆ?

ಮುಂಗಾರಿಗೆ ಮುಂಚೆ ರೈತನಿಗೆ ಬಿತ್ತನೆ ಬೀಜದ ಚಿಂತೆ, ವ್ಯಾಪಾರಿಗೆ ಉದ್ರಿ ವಸೂಲಿಯ ಚಿಂತೆ. ಇದೇ ಹೊತ್ತಿಗೆ ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಇನ್ನೊಂದು ತಯಾರಿ ನಡೆಯುತ್ತದೆ. ಸಂತೆಯಲ್ಲಿ ಅದರ ಮಾತೇ ಇಲ್ಲ. ಡಿ.ಎಲ್.ಇಡಿ. ಓದುವ ಹುಡುಗ ಹುಡುಗಿಯರು ಶಾಲೆ ತೆರೆಯುವ ದಿನಕ್ಕೆ ಪಾಠದ ಟಿಪ್ಪಣಿ ಬರೆದು, ಚಾರ್ಟು ಅಂಟಿಸಿ ಸಿದ್ಧರಾಗುತ್ತಾರೆ. ನಮ್ಮ ಬಾಯಲ್ಲಿ ಅದಿನ್ನೂ ಟಿ.ಟಿ.ಸಿ.ಯೇ. ಎರಡು ವರ್ಷದ ಈ ತರಬೇತಿಯಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕೆಂಬುದು ಎನ್.ಸಿ.ಟಿ.ಇ.ಯ 2014ರ ನಿಯಮ. ಈ ಹುಡುಗರಲ್ಲಿ ಕನ್ನಡದಲ್ಲಿ ಕಲಿಸಬಲ್ಲವರು ಎಷ್ಟು ಮಂದಿ ಎಂಬುದರ ಮೇಲೆ ನಮ್ಮ ಕನ್ನಡ ಶಾಲೆಗಳ ಆಯುಷ್ಯ ನಿಂತಿದೆ.

ಹಿನ್ನೆಲೆ ಓದುಗರು ಬಲ್ಲರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಮಡಕಶಿರಾ ಮದ್ರಾಸಿನ ಕಾಲದಿಂದಲೇ ಅನಂತಪುರ ಜಿಲ್ಲೆಯದು. 2022ರ ಏಪ್ರಿಲ್‌ನಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಜಿಲ್ಲೆ ಬದಲಾದರೂ ಡಿ.ಹಿರೇಹಾಳು, ಬೊಮ್ಮನಹಾಳು, ಅಗಳಿ, ರೊಳ್ಳ, ಅಮರಾಪುರಂ ಕಡೆಯ ಮನೆಮಾತು ಬದಲಾಗಿಲ್ಲ.

ಅಗಳಿ ಕಡೆಯ ನಮ್ಮ ನೆಂಟರ ಹುಡುಗಿಯೊಬ್ಬಳು ಈ ತರಬೇತಿಯಲ್ಲಿದ್ದಾಳೆ. ಒಂದು ನೋಟ್‌ಬುಕ್ಕಿನಲ್ಲಿ ಪದಗಳ ಜೋಡಿ ಬರೆದಿಟ್ಟುಕೊಂಡಿದ್ದಾಳೆ: ಒಂದು ಮಗು ‘ಕಡಲೆಕಾಯಿ’ ಅಂದರೆ ಪಕ್ಕದ್ದು ‘ಚೆನಕ್ಕಾಯ’ ಅನ್ನುತ್ತೆ, ಇಬ್ಬರಿಗೂ ಒಂದೇ ಪಾಠ ಹೇಳಬೇಕು. ‘ಪಾಠ ಹೇಳೋದೇನ್ ಕಷ್ಟ ಅಲ್ಲ ಮಾವ, ಹೇಳಿಸ್ಕೊಳ್ಳೋಕೆ ಮಕ್ಕಳು ಇರ್ತಾರಾ, ಆಮೇಲೆ ನಮಗೆ ಪೋಸ್ಟ್ ಇರುತ್ತಾ, ಅದೇ ಚಿಂತೆ’ ಎಂದಳು. ಅವಳ ಎರಡೂ ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ.

ಮೊದಲು ಮಕ್ಕಳ ವಿಚಾರ. 2025ರಲ್ಲಿ ಕರ್ನಾಟಕದ ಶಾಲೆಗಳು ಮೇ 29ಕ್ಕೆ ತೆರೆದವು, ಆಂಧ್ರದವು ಜೂನ್ 12ಕ್ಕೆ. ನಡುವೆ ಹದಿನಾಲ್ಕು ದಿನ. ನಾನು ಕಂಡಂತೆ ಈ ಎರಡು ವಾರದಲ್ಲೇ ಲೆಕ್ಕ ತಪ್ಪುತ್ತದೆ. ಕೈಯಲ್ಲಿ ನಾಲ್ಕು ಕಾಸಿದ್ದವರು ಮಕ್ಕಳನ್ನು ಪಾವಗಡಕ್ಕೋ ಬಳ್ಳಾರಿಗೋ ಸೇರಿಸುತ್ತಾರೆ. ಉಳಿದವರನ್ನು ಇಂಗ್ಲಿಷ್ ಶಾಲೆಯ ವ್ಯಾನು ಕರೆದೊಯ್ಯುತ್ತದೆ. ಇಂಗ್ಲಿಷ್ ಮೋಹ ಬರೀ ಜನರದ್ದಲ್ಲ. ಸರಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮ ಮಾಡಲು ಆಂಧ್ರ ಸರಕಾರ 2019ರ ನವೆಂಬರಿನಲ್ಲಿ ಆದೇಶ ಹೊರಡಿಸಿತ್ತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು.

ಇನ್ನು ಮೇಷ್ಟ್ರ ವಿಚಾರ. ಆಂಧ್ರದಲ್ಲಿ 2018ರ ಡಿ.ಎಸ್.ಸಿ. ಆದ ಮೇಲೆ ದೊಡ್ಡ ನೇಮಕ ನಡೆದದ್ದು 2025ರಲ್ಲಿ. ಒಟ್ಟು 16,347 ಹುದ್ದೆ, ಅದರಲ್ಲಿ ಕಿರಿಯ ತರಗತಿಗಳ ಎಸ್.ಜಿ.ಟಿ. ಹುದ್ದೆ ಆರು ಸಾವಿರಕ್ಕೂ ಹೆಚ್ಚು. ಸಂಖ್ಯೆ ದೊಡ್ಡದೇ, ಸರಿ. ಆದರೆ 2019ರಲ್ಲಿ ತರಬೇತಿ ಮುಗಿಸಿದ ಬಡವರ ಹುಡುಗ ಆರು ವರ್ಷ ಹೊಟ್ಟೆಗೆ ಏನು ಮಾಡಬೇಕು? ಜೀನ್ಸ್ ಹೊಲಿಗೆಗೋ ಬೆಂಗಳೂರಿಗೋ ಹೋದವನು ತಿರುಗಿ ಬರುವುದು ಕಷ್ಟ.

‘ಬಿ.ಇಡಿ. ಮಾಡಿದೋರು ಊರಿಗೆ ಹತ್ತು ಜನ ಅದಾರಲ್ರಿ’ ಎಂದು ರಾಯದುರ್ಗದ ಅಂಗಡಿಕಟ್ಟೆಯ ಮೇಲೆ ಕೇಳುವವರಿದ್ದಾರೆ. ಆ ದಾರಿ ಮುಚ್ಚಿದೆ. ಒಂದರಿಂದ ಐದನೇ ತರಗತಿಗೆ ಬಿ.ಇಡಿ. ನಡೆಯದು, ಅದಕ್ಕೆಂದೇ ಇರುವ ಪ್ರಾಥಮಿಕ ತರಬೇತಿ ಬೇಕು ಎಂದು 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಜೊತೆಗೆ, ಕನ್ನಡ ಮಾಧ್ಯಮದ ಹುದ್ದೆ ಬೇಕೆಂದರೆ ಅಭ್ಯರ್ಥಿ ತಾನೂ ಶಾಲೆಯಲ್ಲಿ ಕನ್ನಡ ಓದಿರಬೇಕು. ಅಂದರೆ ಇವತ್ತು ಒಂದನೇ ತರಗತಿಗೆ ಕನ್ನಡ ಶಾಲೆಗೆ ಮಗು ಸೇರದಿದ್ದರೆ, ಹದಿನೈದು ವರ್ಷದ ನಂತರ ಆ ಶಾಲೆಗೆ ಮೇಷ್ಟ್ರು ಹುಟ್ಟುವುದಿಲ್ಲ. ಬಿತ್ತನೆಗೆ ಎತ್ತಿಟ್ಟ ಕಾಯಿಯನ್ನೂ ಗಾಣಕ್ಕೆ ಹಾಕಿದಂತೆ ಇದು.

ಕನ್ನಡ ಓದಿ ಏನು ಲಾಭ ಎನ್ನುವವರಿಗೂ ಉತ್ತರವಿದೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮದಲ್ಲಿ ‘ಗಡಿನಾಡು ಕನ್ನಡಿಗ’ ಎಂಬ ವರ್ಗವಿದೆ. ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲ್ಲೂಕುಗಳ ಹೆಸರು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಅದಕ್ಕೆ ಕನ್ನಡ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ಮಾತಾಡಿದ ಮಾತ್ರಕ್ಕೆ ಬರೆಯಲು ಬಾರದು. ಬರೆಸುವ ಮೇಷ್ಟ್ರು ಬೇಕು. ತೆಲುಗು ಬಿಡಿ ಎಂದು ನಾನು ಹೇಳುತ್ತಿಲ್ಲ. ಹಿಂದೂಪುರದ ಗೂಡಿನ ಮಾರುಕಟ್ಟೆಗೂ ಚಳ್ಳಕೆರೆಯ ಮಂಡಿಗೂ ಹೋಗುವ ನಮಗೆ ಎರಡು ನುಡಿಯೂ ಬಂಡವಾಳವೇ.

ಕಾನೂನು ನಮ್ಮ ಪರವಾಗಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ 1956ರಿಂದಲೂ ಹೇಳುತ್ತಿದೆ. ಆದರೆ ವಿಧಿ ತಾನಾಗಿ ಬಂದು ಪಾಠ ಹೇಳುವುದಿಲ್ಲ. ಕಾಸರಗೋಡಿನಲ್ಲಿ ಕನ್ನಡ ಬಾರದವರನ್ನು ಕನ್ನಡ ಮಕ್ಕಳಿಗೆ ನೇಮಿಸಿದಾಗ ಹೆತ್ತವರೇ ಬೀದಿಗಿಳಿಯಬೇಕಾಯಿತು.

ಆಂಧ್ರ ಸರಕಾರ ಕನ್ನಡ ಮಾಧ್ಯಮದ ಖಾಲಿ ಹುದ್ದೆಗಳನ್ನು ಪ್ರತಿ ವರ್ಷ ಬೇರೆಯಾಗಿ ಪ್ರಕಟಿಸಲಿ. ಕನ್ನಡ ಹುಡುಗರ 20 ವಾರ ಕನ್ನಡ ಶಾಲೆಯಲ್ಲೇ ಕಳೆಯುವಂತೆ ತರಬೇತಿ ಸಂಸ್ಥೆಗಳು ನೋಡಿಕೊಳ್ಳಲಿ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಭವನಗಳಿಗೆ ಕೊಡುವ ಗಮನದಲ್ಲಿ ಒಂದಿಷ್ಟನ್ನು ಈ ಹುಡುಗರ ವಿದ್ಯಾರ್ಥಿವೇತನಕ್ಕೂ ಕೊಡಲಿ.

ನಮ್ಮ ಕೆಲಸವೂ ಇದೆ. ಮೇ ತಿಂಗಳಲ್ಲೇ ಊರಿನ ನಾಲ್ಕು ಜನ ಕೂತು, ಕನ್ನಡ ಶಾಲೆಗೆ ಸೇರುವ ಮಕ್ಕಳ ಪಟ್ಟಿ ಬರೆದು ಮಂಡಲ ಶಿಕ್ಷಣಾಧಿಕಾರಿಗೆ ಕೊಟ್ಟು ಸಹಿ ಪಡೆಯಬೇಕು. ಪಟ್ಟಿ ಕೈಯಲ್ಲಿದ್ದರೆ ಮೇಷ್ಟ್ರನ್ನು ಕೇಳಲು ಬಾಯಿರುತ್ತದೆ. ಮಂಡಿ ವರ್ತಕರು ಮನಸ್ಸು ಮಾಡಿದರೆ ವರ್ಷಕ್ಕೆ ಒಬ್ಬ ಬಡ ಹುಡುಗಿಯ ತರಬೇತಿಯ ಖರ್ಚು ಭಾರವಲ್ಲ. ಜೂನ್ ಹನ್ನೆರಡರ ಬೆಳಿಗ್ಗೆ ಶಾಲೆಯ ಬೀಗದ ಮುಂದೆ ನಿಂತು ಸರಕಾರವನ್ನು ಬೈಯುವುದಕ್ಕಿಂತ ಇದು ಮೇಲು.