ಗೋಡೆ ಗಟ್ಟಿ ಇದ್ದೋರಿಗೆ ರೆಡ್ ಅಲರ್ಟ್, ನಮಗ ಏನು?



ಮಳೆಗಾಲ ಬಂತಂದ್ರ ಪ್ರತಿ ವಾಟ್ಸಾಪ್ ಗ್ರೂಪಿನಾಗೂ ಒಂದು ಚಿತ್ರ ತಿರುಗಾಡ್ತದ. ಕರ್ನಾಟಕದ ನಕಾಶೆ, ಜಿಲ್ಲೆಗೊಂದು ಬಣ್ಣ. ಬೆಳಗಾವಿ ಒಮ್ಮೆ ಹಳದಿ, ಒಮ್ಮೆ ಕಿತ್ತಳೆ, ಒಮ್ಮೊಮ್ಮೆ ಕೆಂಪು. ಕೆಳಗ ಸೂಚನೆ: ಅನಗತ್ಯವಾಗಿ ಮನೆಯಿಂದ ಹೊರಗೆ ಬರಬೇಡಿ, ಶಿಥಿಲ ಕಟ್ಟಡಗಳ ಹತ್ತಿರ ನಿಲ್ಲಬೇಡಿ, ಮಕ್ಕಳ ಬಗ್ಗೆ ಎಚ್ಚರ ವಹಿಸಿ.

ಒಳ್ಳೆಯ ಮಾತೇ. ಆದರೆ ಶಿಥಿಲ ಕಟ್ಟಡ ಅನ್ನೋದೇ ನಮ್ಮ ಮನೆ ಆಗಿದ್ದರೆ? ಹೊರಗ ಬರಬ್ಯಾಡ ಅಂತೀರಿ, ಹತ್ತಿರ ನಿಲ್ಲಬ್ಯಾಡ ಅಂತೀರಿ. ಎರಡೂ ಒಂದೇ ಉಸಿರಿನಾಗ. ಈ ಸೂಚನೆ ಬರೆದವರ ಕಣ್ಣ ಮುಂದೆ ಇದ್ದದ್ದು ಆರ್‌ಸಿಸಿ ಮನೆ. ಮಣ್ಣಿನ ಗೋಡೆ, ತಗಡಿನ ಮಾಡು ಅವರ ಲೆಕ್ಕದಾಗ ಇಲ್ಲ.

2021ರ ಅಕ್ಟೋಬರ್ 6. ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿ. ಮಳೆಗೆ ನೆನೆದ ಮನೆಯ ಗೋಡೆ ಕುಸಿದು ಮಕ್ಕಳೂ ಸೇರಿ 7 ಮಂದಿ ಸತ್ತರು. ಅವರ್ಯಾರೂ ಹೊಳೆಗೆ ಇಳಿದಿರಲಿಲ್ಲ. ಸೆಲ್ಫಿ ತಗೊಳ್ಳಾಕ ಫಾಲ್ಸಿಗೆ ಹೋಗಿರಲಿಲ್ಲ. ಸರ್ಕಾರ ಎಲ್ಲಿ ಇರ್ರಿ ಅಂತ ಹೇಳ್ತದೋ ಅಲ್ಲೇ, ತಮ್ಮ ಮನೆಯ ಹತ್ತಿರವೇ ಇದ್ದರು. ಮಂತ್ರಿಗಳು ಬಂದರು, ಪರಿಹಾರ ಘೋಷಣೆ ಆಯ್ತು. ಮರುವರ್ಷದ ಮಳೆಗಾಲಕ್ಕೂ ಸೂಚನೆ ಅದೇ: ಮನೆಯಲ್ಲೇ ಇರಿ.

ತಿಂಗಳು ನೋಡ್ರಿ. ಜೂನ್ ಅಲ್ಲ, ಜುಲೈ ಅಲ್ಲ, ಅಕ್ಟೋಬರ್. ಹವಾಮಾನ ಇಲಾಖೆಯ ಲೆಕ್ಕ 24 ತಾಸಿಂದು. 64.5 ಮಿಲಿಮೀಟರ್ ಆದರೆ ಭಾರೀ ಮಳೆ, 115.6 ಆದರೆ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ಹೊಳೆಗೆ, ನಾಲಾಕ್ಕೆ ಈ ಲೆಕ್ಕ ಸರಿ ಹೋಗ್ತದ. ಮಣ್ಣಿನ ಗೋಡೆಗೆ ಸರಿ ಹೋಗಂಗಿಲ್ಲ. ಗೋಡೆ ಒಂದೇ ದಿನಕ್ಕೆ ಬೀಳೋದು ಕಡಿಮೆ. ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದು, ತಳದಿಂದ ತೇವ ಏರಿ, ಮಣ್ಣು ಬಿಗಿ ಕಳಕೊಂಡು, ಮೇಲಿನ ಭಾರ ತಡೀಲಾರದೆ ಕೂತು ಬಿಡ್ತದ. ಅದೂ ಎಷ್ಟೋ ಸಲ ಮಳೆ ನಿಂತ ಮೇಲೆ, ಬಿಸಿಲು ಬಿದ್ದ ಮೇಲೆ, ನಾವು ‘ಸದ್ಯ ಉಳದ್ವಿ’ ಅಂತ ಉಸಿರು ಬಿಟ್ಟ ಹೊತ್ತಿಗೆ. ಆ ದಿನ ನಕಾಶೆ ಹಸಿರು ಇರ್ತದ! ನಮ್ಮ ಗೋಡೆಗೆ ಅಲರ್ಟ್ ಕೊಡೋ ಇಲಾಖೆ ಇನ್ನೂ ಹುಟ್ಟಿಲ್ಲ.

ಬಣ್ಣದ ಅರ್ಥ ಏನು ಅನ್ನೋದನ್ನೂ ತಿಳಕೊಳ್ರಿ. ಹಳದಿ ಅಂದರೆ ಗಮನ ಇಡಿ. ಕಿತ್ತಳೆ ಅಂದರೆ ಸಿದ್ಧರಾಗಿ. ಕೆಂಪು ಅಂದರೆ ಕ್ರಮ ಕೈಗೊಳ್ಳಿ. ನನ್ನ ಪ್ರಶ್ನೆ ಇಷ್ಟೇ, ಆ ಕೊನೆಯ ವಾಕ್ಯದ ಕರ್ತೃ ಯಾರು? ಕ್ರಮ ಕೈಗೊಳ್ಳಬೇಕಾದವರು ಯಾರು? ಡಿಸಿ ಸಾಹೇಬರೋ, ತಹಶೀಲ್ದಾರರೋ, ಪಿಡಿಒ ಅವರೋ, ಅಥವಾ ದಿನಗೂಲಿಗೆ ಹೋಗೋ ನಮ್ಮ ಅಕ್ಕನೋ?

ಈಗ ರೆಡ್ ಅಲರ್ಟ್ ದಿನ ನಿಜವಾಗಿ ಆಗೋದು ಏನು, ನೋಡೋಣ. ಜಿಲ್ಲಾಡಳಿತ ಶಾಲೆಗೆ, ಅಂಗನವಾಡಿಗೆ ರಜೆ ಕೊಡ್ತದ. ಟಿವಿಯಾಗ ಅದೇ ಮೊದಲ ಸುದ್ದಿ. ಬಂಗಲೆಯ ಮಗು ಆ ದಿನ ಬಂಗಲೆಯಾಗ ಇರ್ತದ, ಭಜಿ ತಿಂತದ. ನಮ್ಮ ಕೇರಿ ಮಗು? ಊರಾಗಿನ ಗಟ್ಟಿ ಕಟ್ಟಡ ಅಂದ್ರ ಸರ್ಕಾರಿ ಶಾಲೆ. ಆ ಕಟ್ಟಡಕ್ಕೆ ಕೀಲಿ ಹಾಕಿ, ಮಗುವನ್ನ ನೆನೆದ ಗೋಡೆಯ ಮನೆಗೆ ಕಳಿಸ್ತೀರಿ. ಮಧ್ಯಾಹ್ನದ ಬಿಸಿಯೂಟ ಆ ದಿನ ಇಲ್ಲ. ಅವ್ವ ಅಪ್ಪಗ ರಜೆ ಇಲ್ಲ, ಕೂಲಿ ಬಿಟ್ಟರೆ ಒಲೆ ಹತ್ತಂಗಿಲ್ಲ. ಹಂಗಾಗಿ ಮಗು ಒಂದೇ, ಹಸಿದು, ಊರಾಗ ಅತಿ ದುರ್ಬಲ ಗೋಡೆ ಯಾವುದೋ ಅದರ ಬುಡದಾಗ ಕುಂದರ್ತದ. ಇದಕ್ಕೆ ‘ಮುಂಜಾಗ್ರತಾ ಕ್ರಮ’ ಅಂತ ಹೆಸರು.

ರಜೆ ಕೊಡಬ್ಯಾಡ್ರಿ ಅಂತ ನಾನು ಹೇಳಾಕತ್ತಿಲ್ಲ. ಹಳ್ಳ ದಾಟಿ ಬರೋ ಮಕ್ಕಳಿಗೆ ರಜೆ ಬೇಕೇ ಬೇಕು. ಪಾಠಕ್ಕೆ ರಜೆ ಕೊಡ್ರಿ, ಕಟ್ಟಡಕ್ಕೆ ಯಾಕ ಕೊಡ್ತೀರಿ? ರೆಡ್ ಅಲರ್ಟ್ ಆದೇಶದಾಗ ‘ರಜೆ’ ಅನ್ನೋ ಸಾಲಿನ ಕೆಳಗ ಇನ್ನೊಂದು ಸಾಲು ಬರೀರಿ: ಇಂಥಾ ಶಾಲೆಯ ಬಾಗಿಲು ಸಂಜೆಯಿಂದ ತೆರೆದಿರ್ತದ, ಕೀಲಿ ಇಂಥವರ ಹತ್ತಿರ ಅದ, ಅನ್ನ ಬೇಯ್ತದ. ಅಷ್ಟು ಬರೆಯೋಕೆ ಹೊಸ ಆ್ಯಪ್ ಬೇಕಾಗಿಲ್ಲ.

ಬೆಳಗಾವಿ ಶಹರಕ್ಕೆ ಬರ್ರಿ. ಬಳ್ಳಾರಿ ನಾಲಾ ತುಂಬಿ ಹರಿದದ್ದು ಪೇಪರಿನಾಗ ಪ್ರತಿ ವರ್ಷ ಓದ್ತೀವಿ. ಶಹಾಪುರ, ವಡಗಾಂವ ಕಡೆಯ ಹೊಲಗಳು ಕೆರೆ ಆಗ್ತಾವ. 2019ರ ಆಗಸ್ಟ್‌ನಾಗ ಶಹರದ ಎಷ್ಟೋ ಬಡಾವಣೆಗಳ ಒಳಗೇ ನೀರು ನುಗ್ಗಿತ್ತು. ಎಲ್ಲರೂ ಮನೆಯೊಳಗ ಇರ್ರಿ ಅಂತ ಹೇಳಿದ ದಿನ ಕಟ್ಟಿದ ಗಟಾರ ಬಿಚ್ಚೋರು ಯಾರು? ಮೊಣಕಾಲುದ್ದ ನೀರಿನಾಗ ನಿಂತು ಪ್ಲಾಸ್ಟಿಕ್ ಎಳೆಯೋರು ಯಾರು? ಅವರ ಜಾತಿ ನಾನು ಹೇಳಬೇಕೇನು? ಶಹರಕ್ಕೆ ಅಲರ್ಟ್ ಬಂದಾಗ ಪೌರಕಾರ್ಮಿಕರಿಗೆ ಡ್ಯೂಟಿ ಬರ್ತದ. ಮಳೆಯ ದಿನ ಗಮ್‌ಬೂಟು, ಕೈಗವಸು, ರೇನ್‌ಕೋಟು, ನೀರಿನಾಗ ಕರೆಂಟ್ ಇಲ್ಲ ಅಂತ ಹೆಸ್ಕಾಂನಿಂದ ಖಾತ್ರಿ, ಇವು ನಾಲ್ಕು ಇಲ್ಲದೆ ಯಾರನ್ನೂ ಗಟಾರಕ್ಕೆ ಇಳಿಸಬಾರದು. 2024ರ ಡಿಸೆಂಬರ್‌ನಾಗ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವಕ್ಕ ಇದೇ ಶಹರದ ರಸ್ತೆ ರಸ್ತೆಗೆ ದೀಪದ ಸರ ಹಾಕಿದ್ದರು. ಚೆಂದ ಇತ್ತು, ನಾನೂ ನೋಡಿದೆ. ರೊಕ್ಕ ಇಲ್ಲ ಅಂತ ಮಾತ್ರ ಹೇಳಬ್ಯಾಡ್ರಿ.

ಖಾನಾಪುರದ ಕಥೆ ಬ್ಯಾರೆ. ಹವಾಮಾನ ಇಲಾಖೆಯ ವಿಭಾಗದಾಗ ಬೆಳಗಾವಿ ಜಿಲ್ಲೆ ‘ಉತ್ತರ ಒಳನಾಡು’. ಅಂದ್ರ ಮಲಪ್ರಭೆ ಹುಟ್ಟೋ ಕಣಕುಂಬಿಯೂ, ಬೀದರ್ ಜಿಲ್ಲೆಯ ಬಯಲೂ ಒಂದೇ ಬುಟ್ಟಿಯಾಗ. ನಮ್ಮ ಜಿಲ್ಲೆಯೊಳಗೇ ನೋಡಿದರೂ ಅಥಣಿ ಮುಗಿಲು ನೋಡ್ತಿರೋ ಹೊತ್ತಿಗೆ ಜಾಂಬೋಟಿ, ಕಣಕುಂಬಿ ಕಡೆ ವಾರಗಟ್ಟಲೆ ಸೂರ್ಯ ಕಾಣಂಗಿಲ್ಲ. ಇಬ್ಬರಿಗೂ ಒಂದೇ ಬಣ್ಣ ಬಳಿದರೆ ಒಬ್ಬರಿಗೆ ಅದು ಸುಳ್ಳು, ಇನ್ನೊಬ್ಬರಿಗೆ ಸಾಲದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಾಗ ಮಳೆಮಾಪಕ ಇಟ್ಟಿದೆ. ಅಂಕಿ ಬೆಂಗಳೂರಿಗೆ ಹೋಗ್ತದ. ಅದೇ ಅಂಕಿ ಆ ಪಂಚಾಯತಿಯ ಕೇರಿಗೆ ಎಷ್ಟು ಹೊತ್ತಿಗೆ, ಯಾರ ಬಾಯಿಂದ ತಲುಪ್ತದ ಅಂತ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ತಾರ.

ಹಾಲಾತ್ರಿ ಹಳ್ಳದ ಸೇತುವೆ ಮುಳುಗಿ ಖಾನಾಪುರ–ಹೆಮ್ಮಡಗಾ ರಸ್ತೆ ಬಂದ್ ಆಗೋದು ಸುದ್ದಿಯೇ ಅಲ್ಲ ಈಗ, ಪಂಚಾಂಗದಾಗ ಬರೆದಿಡಬಹುದು. ಭೀಮಗಡ ಕಾಡಿನೊಳಗಿನ ಆಮಗಾಂವದಿಂದ 2024ರ ಜುಲೈನಾಗ ಕಾಯಿಲೆ ಬಿದ್ದ ಹೆಣ್ಣುಮಗಳೊಬ್ಬಳನ್ನ ಊರವರು ಕಟ್ಟಿಗೆಯ ಡೋಲಿ ಮಾಡಿ, ಹೆಗಲ ಮೇಲೆ ಹೊತ್ತು ಮಳೆಯಾಗ ಕಿಲೋಮೀಟರ್‌ಗಟ್ಟಲೆ ನಡೆದು ತಂದರು. ಅವರ ಜಾತಿ ಯಾವುದೇ ಇರಲಿ, ಆ ಡೋಲಿಗೆ ಹೆಗಲು ಕೊಟ್ಟವರು ನಮ್ಮವರೇ. 2023ರ ಅಕ್ಟೋಬರ್ 12ಕ್ಕೆ ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಲೆ ಕೀಂ ಅಂತ ಕೂಗಿದ್ದು ನೆನಪೈತಲ್ಲ, ತುರ್ತು ಸಂದೇಶದ ಪರೀಕ್ಷೆ ಅಂತ? ಟವರ್ ಸಿಗದ ಊರಿನಾಗ ಅದು ಹೆಂಗ ಕೂಗಬೇಕು?

ಇಲ್ಲಿ ಒಂದು ಮಾತು ಹೇಳಲೇಬೇಕು. ಬೋರ್ಡ್ ಕನ್ನಡದಾಗ ಇರಬೇಕೋ ಮರಾಠಿಯಾಗ ಇರಬೇಕೋ ಅಂತ ನಮ್ಮ ಗಡಿಯಾಗ ಎಷ್ಟು ತಲೆ ಒಡೆದಾವ! ಆದರೆ ‘ಇವತ್ತು ರಾತ್ರಿ ಗೋಡೆ ಬೀಳಬಹುದು’ ಅನ್ನೋ ಮಾತು ಮನೆಯಾಗ ಮರಾಠಿ ಆಡೋ ಖಾನಾಪುರದ ಮುದುಕಿಗೆ ತಿಳಿಯೋ ಭಾಷೆಯಾಗ ಬಂತೋ ಇಲ್ಲೋ ಅಂತ ಎರಡೂ ಕಡೆಯ ಹೋರಾಟಗಾರರು ಒಂದು ಮನವಿ ಕೊಟ್ಟದ್ದು ನಾನು ಕಂಡಿಲ್ಲ.

ಕೆಲವು ‘ಹಿತೈಷಿಗಳು’ ಹೇಳ್ತಾರ, ಫೋನ್ ಇಲ್ಲದಿದ್ದರೆ ಏನಾತು, ಹಳೆಯ ಕಾಲದಂಗ ಡಂಗುರ ಸಾರಿಸಿದ್ರ ಆತು. ಯಾರು ಸಾರಬೇಕು ಸ್ವಾಮಿ? ತಲೆತಲಾಂತರದಿಂದ ಹಲಗಿ ಬಾರಿಸಿ ಊರಿಗೆ ಸುದ್ದಿ ಮುಟ್ಟಿಸಿದವರು ನಾವು. ಸತ್ತ ಸುದ್ದಿ, ಜಾತ್ರೆ ಸುದ್ದಿ, ಕಂದಾಯದ ಸುದ್ದಿ. ಊರೆಲ್ಲ ತಿರುಗಿ ಸಾರಿ ಕೊನೆಗೆ ಊರ ಕೆಳಗಿನ ತುದಿಯ ಕೇರಿಗೆ ವಾಪಸ್ ಬರೋದು, ಅದೂ ಬಿಟ್ಟಿ ಚಾಕರಿ. ಮಳೆ ನೀರು ಹರಿದು ಬಂದು ನಿಲ್ಲೋದೂ ಆ ಕೆಳಗಿನ ತುದಿಗೇ. ಇನ್ನು ಆ ಕೆಲಸ ನಮಗ ಹೇಳಬ್ಯಾಡ್ರಿ. ಪಂಚಾಯತಿಯ ಕಸದ ಗಾಡಿಗೆ ಮೈಕ್ ಐತಿ, ದಿನಾ ಮುಂಜಾನೆ ಹಾಡು ಹಚ್ಚಿಕೊಂಡು ಬರ್ತದ. ಅಲರ್ಟ್ ದಿನ ಅದೇ ಮೈಕಿನಾಗ ಮೊದಲು ಕೇರಿಯಾಗ ಹೇಳ್ರಿ, ಆಮೇಲೆ ಊರಿಗೆ ಹೋಗ್ರಿ.

ಕಾನೂನು ಇಲ್ಲ ಅನ್ನೋ ಹಂಗಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಓದ್ರಿ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಕಲಂ 34 ವಿಪತ್ತು ಆದ ಮೇಲಿನ ಮಾತಷ್ಟೇ ಆಡೋದಿಲ್ಲ, ವಿಪತ್ತಿನ ಬೆದರಿಕೆ ಇರುವಾಗಲೇ ಆಸರೆ, ಅನ್ನ, ನೀರು ಒದಗಿಸೋ ಅಧಿಕಾರ ಕೊಡ್ತದ. ರೆಡ್ ಅಲರ್ಟ್ ಬೆದರಿಕೆ ಅಲ್ಲದೆ ಮತ್ತೇನು? ಗೋಡೆ ಬಿದ್ದ ಮೇಲೆ ಗಂಜಿ ಕೇಂದ್ರ ತೆಗೆಯೋದು ಕಾಯ್ದೆಯ ಅರ್ಧ ಪಾಲನೆ ಮಾತ್ರ. ಕಲಂ 61 ಇನ್ನೂ ಸ್ಪಷ್ಟ: ಪರಿಹಾರ ಕೊಡುವಾಗ ಜಾತಿ, ಲಿಂಗ, ಧರ್ಮದ ಭೇದ ಮಾಡುವಂತಿಲ್ಲ. ಈ ಕಲಂ ಯಾಕ ಬೇಕು ಅಂತ ಕೇಳೋರು 2004ರ ಸುನಾಮಿ ಆದ ಮೇಲೆ ತಮಿಳುನಾಡಿನ ನಾಗಪಟ್ಟಿಣಂ ಶಿಬಿರಗಳಾಗ ದಲಿತರಿಗೆ ಏನಾಯ್ತು ಅಂತ ತಿಳಕೊಳ್ಳಲಿ. ಸಮುದ್ರ ಎಲ್ಲರನ್ನೂ ಒಂದೇ ಸಮ ಮುಳುಗಿಸಿತ್ತು, ನೀರಿನ ಟ್ಯಾಂಕಿನ ಹತ್ತಿರ ಮಾತ್ರ ಜಾತಿ ತೇಲಿ ಬಂತು.

ಆಗಂಗಿಲ್ಲ ಅನ್ನೋರಿಗೆ ಒಡಿಶಾ ತೋರಿಸ್ರಿ. 1999ರ ಮಹಾ ಚಂಡಮಾರುತಕ್ಕೆ ಅಲ್ಲಿ ಸತ್ತವರು ಹತ್ತಿರ ಹತ್ತಿರ 10,000. 2019ರ ಫೋನಿ ಚಂಡಮಾರುತಕ್ಕೆ ನೂರರೊಳಗೆ. ಫೋನಿ ಬರೋ ಮೊದಲು ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನ ಜಾಗ ಬಿಡಿಸಿದ್ದರು. ಎಸ್ಎಂಎಸ್ ಅಲ್ಲಿಯೂ ಹೋಗಿತ್ತು, ಆದರೆ ಅದರ ಹಿಂದೆ ಬಸ್ಸು ಬಂತು, ಗಟ್ಟಿ ಕಟ್ಟಡದ ಬಾಗಿಲು ತೆರೆದಿತ್ತು, ಒಳಗ ಬಿಸಿ ಅನ್ನ ಇತ್ತು. ಕೂಲಿಯ ಮಾತಿಗೂ ದಾರಿ ಐತಿ. ಗುಜರಾತಿನ ‘ಸೇವಾ’ ಮಹಿಳಾ ಸಂಘಟನೆಯವರು 2024ರಾಗ ಬಿಸಿಲು 40 ಡಿಗ್ರಿ ದಾಟಿದಾಗ ತಮ್ಮ ಸದಸ್ಯೆಯರಿಗೆ 400 ರೂಪಾಯಿ ಸಿಗೋ ಹಂಗ ಮಾಡಿದರು. ಬಿಸಿಲಿಗೆ ಆದದ್ದು ಮಳೆಗೆ ಯಾಕ ಆಗಬಾರದು? ಹೊರಗ ಹೋಗಬ್ಯಾಡ ಅಂತ ಹೇಳೋ ಸರ್ಕಾರ ಆ ದಿನದ ಕೂಲಿ ಕೊಡಲಿ.

ಇನ್ನು ಗೋಡೆಯದು. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಪ್ರಕಾರ ಶೇ. 24.1ರಷ್ಟು ಹಣ ನಮ್ಮ ಪಾಲಿನದು. ಅದನ್ನ ಎಲ್ಲರ ಯೋಜನೆಗೂ ಹಂಚಿ ‘ಖರ್ಚಾಯ್ತು’ ಅಂತ ಲೆಕ್ಕ ತೋರಿಸೋದು ನಿಲ್ಲಿಸಿ, ಜಿಲ್ಲೆಯ ಕೇರಿ ಕೇರಿಯ ಮಣ್ಣಿನ ಗೋಡೆ ಎಣಿಸ್ರಿ, ಸಾಲಾಗಿ ಕಟ್ಟಿಸ್ರಿ.

ಅಲ್ಲಿತನಕ ನಾವು ಕೈ ಕಟ್ಟಿ ಕೂರೋದು ಬ್ಯಾಡ. ಯುವಕರಿಗೆ ಹೇಳೋದು: ಮೇ ತಿಂಗಳಾಗೇ ಮನೆ ಮನೆ ತಿರುಗಿ ಗೋಡೆ ನೋಡ್ರಿ. ಬಿರುಕು ಬಿಟ್ಟದ್ದು, ಹೊಟ್ಟೆ ಉಬ್ಬಿದ್ದು, ತಳದಾಗ ಮಣ್ಣು ಉದುರ್ತಿರೋದು, ಗುರುತು ಹಾಕ್ರಿ. ಅಂಥಾ ಗೋಡೆಗೆ ಮಳೆ ಬಡಿಯೋ ಕಡೆ ತಾಡಪತ್ರಿ ಕಟ್ರಿ, ಬುಡದಾಗ ನೀರು ನಿಲ್ಲದಂಗ ಕಾಲುವೆ ತೋಡ್ರಿ. ಮಕ್ಕಳ, ಮುದುಕರ ಹಾಸಿಗೆ ಆ ಗೋಡೆ ಬದಿಗೆ ಹಾಸಲೇಬಾರದು. ಮಳೆ ನಿಂತ ಮೇಲೂ ನಾಲ್ಕು ದಿನ ಹಾಸಬಾರದು. ರಾತ್ರಿ ಮಣ್ಣು ಉದುರೋ ಸಪ್ಪಳ ಕೇಳಿದರೆ ಸಾಮಾನು ನೋಡದೆ ಹೊರಗ ಬರ್ರಿ. ಹೊಲದಾಗ ಇದ್ದಾಗ ಗುಡುಗು ಕೇಳಿತಂದ್ರ ಮರದ ಕೆಳಗ ನಿಲ್ಲಬ್ಯಾಡ್ರಿ. ಮುಕಾದಮ್ ಏನಾದರೂ ಅನ್ನಲಿ, ಕೆಲಸ ಬಿಟ್ಟು ಗಟ್ಟಿ ಸೂರಿನ ಕೆಳಗ ಹೋಗ್ರಿ. ಸಿಡಿಲಿಗೆ ‘ದಾಮಿನಿ’, ಉಳಿದ ಎಚ್ಚರಿಕೆಗೆ ‘ಸಚೇತ್’ ಆ್ಯಪ್ ಅದಾವ, ಕೇರಿಗೆ ಇಬ್ಬರ ಫೋನಿನಾಗಾದರೂ ಇರಲಿ. ಜಿಲ್ಲಾ ಕಂಟ್ರೋಲ್ ರೂಮ್ 1077, ಕರೆಂಟಿಗೆ 1912. ಗೋಡೆ ಮೇಲೆ ಬರೆಯೋದಾದರೆ ಗಟ್ಟಿ ಗೋಡೆ ಮೇಲೆ ಬರೀರಿ.

ಮತ್ತ ಒಂದು. ಮಳೆಗಾಲಕ್ಕ ಮೊದಲೇ ಮನೆಯ ನಾಲ್ಕೂ ಕಡೆಯ ಫೋಟೋ ತಾರೀಖು ಸಮೇತ ತೆಗೆದಿಡ್ರಿ. 2019ರಾಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂದರು, ಆದರೆ ನಿಮ್ಮ ಮನೆ ‘ಎ’ನೋ ‘ಬಿ’ನೋ ‘ಸಿ’ನೋ ಅಂತ ತೀರ್ಮಾನಿಸಿದ್ದು ಪಂಚನಾಮೆ ಬರೆದ ಪೆನ್ನು. ಮೊದಲು ಮನೆ ಹೆಂಗಿತ್ತು ಅನ್ನೋ ಸಾಕ್ಷಿ ನಿಮ್ಮ ಕೈಯಾಗ ಇದ್ದರೆ ತಲಾಟಿ ಮುಂದೆ ಮಾತಾಡೋ ಧೈರ್ಯ ಬ್ಯಾರೆ. ಹಕ್ಕುಪತ್ರ, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರ ಪ್ಲಾಸ್ಟಿಕ್ ಚೀಲದಾಗ ಕಟ್ಟಿಡ್ರಿ.

ನಮ್ಮ ಮುಖಂಡರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ಹೂವಿನ ಹಾರ ಹಾಕಿಸಿಕೊಂಡ ಅಂಬೇಡ್ಕರ್ ಭವನಕ್ಕೆ ಜುಲೈನಾಗ ಯಾಕ ಕೀಲಿ? ಅದರ ಕೀಲಿ ಯಾರ ಹತ್ತಿರ ಅದ ಅಂತ ಕೇರಿಯ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿರಲಿ.

ಶಾಲೆ ತೆರೆಯೋ ಬೇಡಿಕೆಯನ್ನ ಬಾಯಿಮಾತಿನಾಗ ಕೇಳಬ್ಯಾಡ್ರಿ. ಒಂದು ಪಂಚಾಯತಿಯಾಗ ಹಂಗ ಕೇಳಿದಾಗ ನನಗ ಬಂದ ಉತ್ತರ, ‘ಗೋಡೆ ಬೀಳಲಿ, ಆಮ್ಯಾಲೆ ನೋಡೋಣ’. ಅದಕ್ಕ ಅರ್ಜಿ ಬರೀರಿ. ಕಲಂ 34, ಕಲಂ 61 ನಮೂದಿಸ್ರಿ. ದುರ್ಬಲ ಗೋಡೆಯ ಮನೆಗಳ ಯಾದಿ ಲಗತ್ತಿಸ್ರಿ, ಫೋಟೋ ಹಚ್ರಿ. ಒಂದು ಪ್ರತಿ ಪಿಡಿಒಗೆ, ಒಂದು ತಹಶೀಲ್ದಾರರಿಗೆ, ಒಂದು ಜಿಲ್ಲಾಧಿಕಾರಿಗೆ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಶಿಕ್ಕಾ ಬೀಳೋತನಕ ಟೇಬಲ್ ಬಿಟ್ಟು ಏಳಬ್ಯಾಡ್ರಿ. ಖಾನಾಪುರ ತಾಲೂಕಿನ ಗೆಳೆಯರು ಮರಾಠಿಯಾಗೂ ಒಂದು ಪ್ರತಿ ಬರೆದು ಕೇರಿಯಾಗ ಓದಿ ಹೇಳ್ರಿ. ಮೇ ಮುಗಿಯೋದರೊಳಗ ಇದು ಆಗಬೇಕು.

ಜೈ ಭೀಮ್.