ದುಡ್ಡು ಕೊಟ್ಟ ದುರ್ಯೋಧನನಿಗೆ ಸ್ವಂತ ಮಾತಿಲ್ಲ!

ನಮ್ಮ ಅರಸೀಕೆರೆ ಕಡೆ ಹಳ್ಳಿಗಳಲ್ಲಿ ನಾಟಕ ಅಂದ್ರೆ ಕುರುಕ್ಷೇತ್ರ. ಈ ಕಡೆಯವರಲ್ಲದವರಿಗೆ ಒಂದು ವಿಷಯ ಹೇಳಿಬಿಡ್ತೀನಿ. ಇಲ್ಲಿ ಪಾರ್ಟು ಮಾಡುವವರಿಗೆ ಯಾರೂ ದುಡ್ಡು ಕೊಡಲ್ಲ, ಅವರೇ ಕೊಟ್ಟು ಪಾರ್ಟು ತಗೋತಾರೆ. ದುರ್ಯೋಧನನಿಗೆ, ಕೃಷ್ಣನಿಗೆ ಜಾಸ್ತಿ, ವಿದುರನಿಗೆ ಕಮ್ಮಿ. ಸೀನರಿ, ಮೈಕು, ಮೇಕಪ್ಪು, ಹೊರಗಿಂದ ಕರೆಸುವ ದ್ರೌಪದಿ, ಹಾರ್ಮೋನಿಯಂ ಮೇಷ್ಟ್ರು... ಎಲ್ಲ ಖರ್ಚೂ ಆ ದುಡ್ಡಲ್ಲೇ ಆಗಬೇಕು.

ರಾಗಿ ಮಾರಿದ ದುಡ್ಡು ಹಾಕಿ, ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು ಅಭ್ಯಾಸ ಮಾಡುವ ಮನುಷ್ಯನಿಗೆ ಸ್ಟೇಜಿನ ಮೇಲೆ ಒಂದೇ ಒಂದು ವಾಕ್ಯ ತನ್ನದು ಅಂತ ಆಡೋ ಹಕ್ಕಿಲ್ಲ. ಪುಸ್ತಕದಲ್ಲಿ ಇರೋದನ್ನೇ ಹೇಳಬೇಕು, ಮೇಷ್ಟ್ರು ಕೊಟ್ಟ ಮಟ್ಟಲ್ಲೇ ಹಾಡಬೇಕು. ಇದು ಯಾವ ನ್ಯಾಯ ಸ್ವಾಮಿ?

ನಾನು ಕೇಳ್ತಿರೋದು ಇಷ್ಟೇ. ಹಾಡು ಹಾಗೇ ಇರಲಿ, ಕಥೆಯೂ ಹಾಗೇ ಇರಲಿ. ಕೃಷ್ಣಸಂಧಾನ, ಕರ್ಣ-ಕುಂತಿ ಭೇಟಿ, ಇಂಥ ಒಂದೆರಡು ದೃಶ್ಯಗಳಲ್ಲಾದರೂ ಪಾತ್ರಧಾರಿ ತನ್ನ ಮಾತು ತಾನೇ ಕಟ್ಟಲಿ. ಸೂಜಿಮೊನೆಯಷ್ಟು ನೆಲವೂ ಕೊಡಲ್ಲ ಅನ್ನೋದಕ್ಕೆ ದುರ್ಯೋಧನನ ಕಾರಣ ಏನು ಅಂತ, ಅಣ್ಣತಮ್ಮಂದಿರ ಜೊತೆ ಜಮೀನು ಪಾಲಾಗಿ ನೊಂದ ರೈತನಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

"ಹಾಗೆಲ್ಲ ಬಿಟ್ಟರೆ ನಾಟಕ ಕೆಟ್ಟುಹೋಗತ್ತೆ" ಅಂತಾರೆ. ಘಟ್ಟ ಇಳಿದು ಕಾಸರಗೋಡು, ದಕ್ಷಿಣ ಕನ್ನಡದ ತಾಳಮದ್ದಳೆ ನೋಡಿ. ವೇಷ ಇಲ್ಲ, ಸೀನರಿ ಇಲ್ಲ. ಭಾಗವತರು ಪದ್ಯ ಹಾಡ್ತಾರೆ, ಅರ್ಥಧಾರಿ ಅಲ್ಲೇ ಕೂತು ಮಾತು ಹುಟ್ಟಿಸ್ತಾನೆ. ಪದ್ಯವೇ ಬೇಲಿ. ಬೇಲಿಯೊಳಗೆ ಎಷ್ಟು ಬೇಕಾದರೂ ಓಡಾಡು, ಎದುರಾಳಿಯ ಪ್ರಶ್ನೆಗೆ ಮಾತ್ರ ಉತ್ತರ ಕೊಡಲೇಬೇಕು! ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ದೊಡ್ಡ ಹೆಸರಾದದ್ದು ಈ ಕಲೆಯಲ್ಲೇ. ಜನ ಹೋಗ್ತಿದ್ದದ್ದು ಕಥೆ ತಿಳಿಯೋದಕ್ಕಲ್ಲ, ಕಥೆ ಎಲ್ಲರಿಗೂ ಗೊತ್ತಿತ್ತು. ಶೇಣಿಯವರು ಇವತ್ತು ಏನಂತಾರೆ ಅಂತ ಕೇಳೋದಕ್ಕೆ.

ಅಷ್ಟು ದೂರ ಯಾಕೆ, ನಮ್ಮೂರ ಕಲ್ಲುಗಳನ್ನೇ ಕೇಳಿ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ದೇವಸ್ಥಾನದ ಮದನಿಕೆಯರಲ್ಲಿ ಒಬ್ಬಳ ಹಾಗೆ ಇನ್ನೊಬ್ಬಳಿಲ್ಲ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ನಮ್ಮ ತಾಲ್ಲೂಕಿನ ಜಾವಗಲ್ಲಿನ ದೇವಸ್ಥಾನದಲ್ಲಿ ಕೆಲಸ ಮಾಡಿದ ಮಲ್ಲಿತಮ್ಮನ ಹೆಸರೂ ಕಲ್ಲಲ್ಲೇ ಉಳಿದಿದೆ. ದೇವರ ಕೈಯಲ್ಲಿ ಏನಿರಬೇಕು ಅನ್ನೋದಕ್ಕೆ ಶಾಸ್ತ್ರ ಇತ್ತು, ಅದನ್ನು ಅವರು ಮೀರಲಿಲ್ಲ. ಆದರೂ ಕೈ ಅವರದ್ದೇ. ಹಳೇಬೀಡಿನ ಹೊರಗೋಡೆಯಲ್ಲಿ ಶರಶಯ್ಯೆಯ ಭೀಷ್ಮ, ಚಕ್ರವ್ಯೂಹದ ಅಭಿಮನ್ಯು ಇದ್ದಾರಲ್ಲ, ಅದೂ ಇದೇ ಕುರುಕ್ಷೇತ್ರದ ಕಥೆ. ಕಲ್ಲಿಗೆ ಸಿಕ್ಕ ಸ್ವಾತಂತ್ರ್ಯ ಬಾಯಿಗೆ ಯಾಕಿಲ್ಲ?

ಇನ್ನೊಂದು ಆಕ್ಷೇಪ: "ಎಲ್ಲರಿಗೂ ಮಾತು ಬರಲ್ಲ." ನಿಜ. ಬಾರದವರು ಪುಸ್ತಕದ್ದನ್ನೇ ಹೇಳಲಿ, ಬಲವಂತ ಯಾರೂ ಮಾಡ್ತಿಲ್ಲ. ಬರುವವರ ಬಾಯಿ ಯಾಕೆ ಕಟ್ಟಬೇಕು? "ನಾಟಕ ಉದ್ದ ಆಗತ್ತೆ" ಅನ್ನೋರಿಗೆ ನಗುತ್ತಲೇ ಕೇಳ್ತೀನಿ, ಒನ್ಸ್ ಮೋರ್‌ಗೂ ಹಾರ ಹಾಕಿಸಿಕೊಳ್ಳೋದಕ್ಕೂ ಹೋಗುವ ಹೊತ್ತಿನ ಲೆಕ್ಕ ಇಟ್ಟಿದ್ದೀರಾ? :)

ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಸ್ವರ ಹಿಡಿಯಲು ಬಾರದವನಿಂದಲೂ ಕಂದ ಹಾಡಿಸ್ತಾರೆ, ಅದು ಸಣ್ಣ ವಿದ್ಯೆ ಅಲ್ಲ. ಆದರೆ ಅವರು ಕಲಿಸಬೇಕಾದ್ದು ಇನ್ನೊಂದಿದೆ: ಈ ಜಾಗದಲ್ಲಿ ನೀನಾಗಿದ್ದರೆ ಏನಂತಿದ್ದೆ?

ಹಳ್ಳಿ ಹುಡುಗರು "ನೋಡಿದ್ದನ್ನೇ ಎಷ್ಟು ಸಲ ನೋಡೋದು" ಅಂತ ಫೋನ್ ಹಿಡಿದು ಕೂರ್ತಾರೆ. ಫೋನಿನ ಆಟದಲ್ಲಿ ಅವರ ವೀರ ಯಾವ ದಾರಿ ಹಿಡೀಬೇಕು ಅಂತ ಅವರೇ ತೀರ್ಮಾನ ಮಾಡ್ತಾರೆ. ಸ್ಟೇಜಿಗೆ ಬಂದರೆ ಗಿಳಿಪಾಠ. ಅವರು ಯಾಕೆ ಬರಬೇಕು ಹೇಳಿ?

ಮುಂದಿನ ಜಾತ್ರೆಗೆ ಒಂದೇ ಒಂದು ದೃಶ್ಯ ಬಿಟ್ಟುಕೊಡಿ. ಸೂಜಿಮೊನೆಯಷ್ಟೂ ಕೊಡಲ್ಲ ಅಂದವನ ಗತಿ ಏನಾಯ್ತು ಅಂತ ನಾಟಕದವರಿಗೆ ನಾನು ಹೇಳಬೇಕಾ?