ಮೊದಲು ವೈಪರ್ ರಬ್ಬರ್ ಬದಲಿಸ್ರಿ
ಮಳೆಗಾಲ ಬಂತೆಂದರೆ ರಾಯಚೂರಿನ ಕಾರ್ ಅಂಗಡಿಗಳಲ್ಲಿ ಒಂದೇ ಮಾತು: ಮುಂಗಾಜಿಗೆ ನೀರು ನಿಲ್ಲದ ಕೋಟಿಂಗ್ ಹಚ್ಚಿಸ್ರಿ, ವೈಪರೇ ಬೇಡ! ನಾನು ಒಪ್ಪೋದಿಲ್ಲ. ಸಿಲಿಕೋನ್ ಪದರದ ಮೇಲೆ ನೀರು ಮುತ್ತಿನಂತೆ ಹನಿಗಟ್ಟುತ್ತೆ, ಖರೆ. ಆದರೆ ಆ ಹನಿ ಓಡಿಸೋದು ಎದುರುಗಾಳಿ. ಅದಕ್ಕೆ ಕಾರು ಗಂಟೆಗೆ 60 ಕಿ.ಮೀ. ಆಸುಪಾಸಾದರೂ ಹೋಗಬೇಕು. ದೇವದುರ್ಗದ ಹಾದಿಯಲ್ಲಿ, ಜಡಿಮಳೆಯೊಳಗ, ಟ್ರ್ಯಾಕ್ಟರ್ ಹಿಂದೆ 30ರಲ್ಲಿ ತೆವಳುವವರಿಗೆ ಏನು ಉಪಯೋಗ ಹೇಳ್ರಿ? ಹನಿ ಗಾಜಿನ ಮೇಲೇ ಕೂತಿರುತ್ತೆ. ರಾತ್ರಿ ಎದುರು ಲಾರಿಯ ಬೆಳಕು ಒಂದೊಂದು ಹನಿಯಲ್ಲೂ ಚದುರಿ, ದೀಪವಿಲ್ಲದ ಎತ್ತಿನ ಬಂಡಿ ಕಾಣೋದೇ ಇಲ್ಲ. ಗಾಲಿ ಎರಚುವ ಎರೆಮಣ್ಣಿನ ರಾಡಿಯಂತೂ ಯಾವ ಕೋಟಿಂಗಿಗೂ ಜಗ್ಗಲ್ಲ. ಅದಕ್ಕೆ ಬೇಕಾದ್ದು ವಾಷರ್ ನೀರು, ಮೆತ್ತನೆ ರಬ್ಬರ್. 40 ಡಿಗ್ರಿ ಬಿಸಿಲಿಗೆ ಬಿರಿದ ಹಳೇ ರಬ್ಬರ್ ಬಗ್ಗೆ ಮಾತ್ರ ಅಂಗಡಿಯವರು ತುಟಿ ಬಿಚ್ಚೋದಿಲ್ಲ. ಅದರಲ್ಲಿ ಲಾಭ ಕಮ್ಮಿ ನೋಡ್ರಿ.